ಹಲ್ಲಕ್ಕನಿಗೆ ಹೇಸಿಗೆಯಾದದ್ದು

ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದವಳಿಗೆ ಹೇಸಿಗೆ ಅನ್ನುವುದು ಇರುವುದಕ್ಕುಂಟೇ? ಕೊಳೆತ ದವಡೆ, ಕೀವು, ರಕ್ತ, ಎಂಜಲು, ಇವುಗಳ ನಡುವೆಯೇ ಅವಳ ಹರೆಯ ಕಳೆದು ತಲೆ ನರೆತಿತ್ತು. ರೋಗಿ ಬಾಯಿ ತೆರೆದರೆ ಎಂಜಲು ಹೀರುವ ಕೊಳವೆ ಹಿಡಿದು ನಿಲ್ಲುವುದು, ಕಿತ್ತ ಹಲ್ಲನ್ನು ತಟ್ಟೆಗೆ ಹಾಕುವುದು, ಉಗುಳುವ ಬೋಗುಣಿಯನ್ನು ತಿಕ್ಕಿ ತೊಳೆಯುವುದು ಅವಳ ಕೆಲಸ. ಮಧ್ಯಾಹ್ನ ಅದೇ ಕೋಣೆಯ ಮೂಲೆಯಲ್ಲಿ ಕೂತು ನೆಮ್ಮದಿಯಾಗಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಕಲಾ ಸಂಘದ ಭಾನುವಾರದ ತರಗತಿಯ ಮಕ್ಕಳು ಅವಳಿಗೆ ಹಲ್ಲಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಹೇಳಿ ಕಿಸಕ್ಕೆಂದು ನಗುತ್ತಿದ್ದರು. ಆಮೇಲೆ ಎದುರಿಗೇ ಕರೆದರು, ಅವಳೂ ಓಗೊಟ್ಟಳು. ಹೆಸರು ಹಾಗೇ ನಿಂತಿತು.

ಸಂಘಕ್ಕೆ ಅವಳು ಬಂದದ್ದೂ ಒಂದು ಹಲ್ಲಿನ ದೆಸೆಯಿಂದಲೇ. ಹಲ್ಲಿನ ಬೇರು ಎಲ್ಲಿವರೆಗೆ ಇಳಿದಿರುತ್ತದೆ ಎಂದು ರೋಗಿಗಳಿಗೆ ತೋರಿಸಲು ಡಾಕ್ಟರಿಗೆ ಒಂದು ಚಿತ್ರ ಬೇಕಾಗಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅವಳೇ ಪೆನ್ಸಿಲಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಒಂದು ದಿನ ಸಂಘ ನಡೆಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ಬಂದರು. ಬಾಯಿ ತುಂಬ ಹತ್ತಿ ತುರುಕಿಕೊಂಡಿದ್ದ ಅವರು ಗೋಡೆಯ ಕಡೆ ಬೆರಳು ತೋರಿಸಿ, ಹುಬ್ಬು ಕುಣಿಸಿ, ಯಾರು ಬರೆದದ್ದು ಎಂದು ಸನ್ನೆಯಲ್ಲೇ ಕೇಳಿದರು. ಅವಳು ತನ್ನ ಎದೆ ಮುಟ್ಟಿಕೊಂಡಳು. ಹತ್ತಿ ತೆಗೆದ ಮೇಲೆ ಅವರ ಮೊದಲ ಮಾತು ಇದು:

"ನಿನ್ನ ಹಲ್ಲಿಗೆ ತೂಕ ಇದೆಯಮ್ಮ. ಭಾನುವಾರ ಬಾ."

ಆಗ ಸಂಘವೆಂದರೆ ಹಾಸಿಗೆ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಹತ್ತಿ ಬಡಿದರೆ ಮೇಲೆ ಹಸಿ ಬಣ್ಣಕ್ಕೆಲ್ಲ ಎಳೆ ಮೆತ್ತಿಕೊಳ್ಳುತ್ತಿತ್ತು. ಸದಸ್ಯರಾಗಲು ಎರಡೇ ನಿಯಮ: ವರ್ಷಕ್ಕೊಂದು ಚಿತ್ರವನ್ನಾದರೂ ಮುಗಿಸಬೇಕು, ಸರದಿ ಬಂದಾಗ ಕಸ ಗುಡಿಸಬೇಕು. ನಿಧಿ ಸಂಗ್ರಹವೆಂದರೆ ಶನಿವಾರ ಮಾರುಕಟ್ಟೆಯ ಚೌಕದಲ್ಲಿ ಸ್ಟೂಲು ಹಾಕಿಕೊಂಡು ಹೋಗಿಬರುವವರ ಮುಖ ಬರೆದುಕೊಡುವುದು. ಡಬ್ಬಿಗೆ ಬಿದ್ದಷ್ಟು ಬಿತ್ತು. ಬಾಡಿಗೆಗೆ ಸಾಲದಿದ್ದರೆ ಮೇಷ್ಟ್ರು ಹಾಸಿಗೆ ಅಂಗಡಿಯವನಿಗೆ ಬೋರ್ಡು ಬರೆದುಕೊಟ್ಟು ಸರಿದೂಗಿಸುತ್ತಿದ್ದರು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮದುವೆಯಿಲ್ಲದೆ ಉಳಿದಿದ್ದ ಹಲ್ಲಕ್ಕನಿಗೆ ಭಾನುವಾರ ಬಂತೆಂದರೆ ಕಾಲಿಗೆ ಗಾಲಿ ಕಟ್ಟಿದಂತಾಗುತ್ತಿತ್ತು. ವರ್ಷಗಳು ಕಳೆದಂತೆ ಕಲಿಯಲು ಬಂದವಳು ಮಕ್ಕಳಿಗೆ ಕಲಿಸುವವಳೂ ಆದಳು.

ಆಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ತಂಗಿಯ ಮನೆಯ ಹಾಲಿನ ಮೂಲೆಯಲ್ಲಿ ಒಂದು ಮಂಚ ಅವರ ಪ್ರಪಂಚವಾಯಿತು. ಸಂಘಕ್ಕೆ ಟೈಲ್ಸ್ ಅಂಗಡಿಯ ಯಜಮಾನರು ಅಧ್ಯಕ್ಷರಾದರು.

ಅಧ್ಯಕ್ಷರು ಕೆಟ್ಟವರೆಂದು ಯಾರೂ ಹೇಳುವಂತಿರಲಿಲ್ಲ. ಸೋರುವ ಚಾವಣಿ ರಿಪೇರಿ ಮಾಡಿಸಿದರು, ಫ್ಯಾನು ಹಾಕಿಸಿದರು. ಆಮೇಲೆ ನೆಲ ಸರಿಯಿಲ್ಲವೆಂದು ತಮ್ಮ ಅಂಗಡಿಯದೇ ಕನ್ನಡಿಯಂಥ ಟೈಲ್ಸ್ ಹಾಸಿದರು. ನೆಲಕ್ಕೆ ಬಣ್ಣ ಬೀಳಬಾರದೆಂದು ಬೋರ್ಡು ಬಂತು. ಬಣ್ಣ ಬೀಳದ ಕಲಾ ಸಂಘ! ಗುಡಿಸಲು ಆಳು ಬಂದ. ಸದಸ್ಯರ ಸರದಿ ನಿಂತಿತು. ಅದರ ಬೆನ್ನಿಗೇ, ಕಟ್ಟುವ ಚಂದಾದ ಮೇಲೆ ಚಿನ್ನದ ಸದಸ್ಯರು, ಬೆಳ್ಳಿ ಸದಸ್ಯರು, ಸಾಮಾನ್ಯ ಸದಸ್ಯರು ಎಂದು ಮೂರು ಜಾತಿಯಾಯಿತು. ಚಿನ್ನಕ್ಕೆ ಮೆತ್ತನೆ ಕುರ್ಚಿ, ಬೆಳ್ಳಿಗೆ ಬರೀ ಕುರ್ಚಿ, ಸಾಮಾನ್ಯರಿಗೆ ಗೋಡೆ. ಚಿತ್ರ ಬರೆಯಬೇಕೆಂಬ ನಿಯಮ ಯಾವಾಗ ಸತ್ತಿತೋ ಯಾರಿಗೂ ಗೊತ್ತಾಗಲಿಲ್ಲ.

ಹಲ್ಲಕ್ಕನ ಅತ್ತಿಗೆ ಬೆಳ್ಳಿ ಸದಸ್ಯೆಯಾದಳು. ಹುಟ್ಟಿದಾಗಿನಿಂದ ಒಂದು ಗೆರೆ ಎಳೆದವಳಲ್ಲ. ಸಂಘ ಕೊಟ್ಟ ಬಿಲ್ಲೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು.

"ಇಷ್ಟು ವರ್ಷ ಅಲ್ಲಿ ಮಣ್ಣು ಹೊತ್ತೆಯಲ್ಲ, ಏನು ಬಂತು ನಿಂಗೆ? ಸಮಾರಂಭದಲ್ಲಿ ನಾನು ಕೂತ್ಕೊಂಡ್ರೆ ನೀನು ನನ್ನ ಹಿಂದೆ ನಿಂತಿರ್ತೀಯ" ಎಂದಳು. ಚುಚ್ಚಬೇಕೆಂದು ಅಂದದ್ದಲ್ಲ; ನಿಜವಾಗಿ ಮರುಕದಿಂದಲೇ ಅಂದಳು. ಹಲ್ಲಕ್ಕನಿಗೆ ಚುಚ್ಚಿದ್ದು ಆ ಮರುಕವೇ.

ತರಗತಿಗೆ ಸಂಬಳದ ಹೊಸ ಶಿಕ್ಷಕ ಬಂದ. ಹಲ್ಲಕ್ಕ ಅವನ ಸಹಾಯಕ್ಕೆ ಉಳಿದಳು. ಮಕ್ಕಳ ಪ್ರದರ್ಶನದ ದಿನ ಒಬ್ಬಳು ಚಿಕ್ಕ ಹುಡುಗಿ ಗೋಡೆಯ ಮುಂದೆ ನಿಂತು ಬಿಕ್ಕುತ್ತಿದ್ದಳು.

"ಯಾಕೆ ಕಂದಾ?"

"ಅದು ನನ್ನ ಕುದುರೆ ಅಲ್ಲ ಅಕ್ಕಾ. ನನ್ನ ಕುದುರೆಗೆ ಐದು ಕಾಲಿತ್ತು. ಅದು ಓಡ್ತಿತ್ತು."

ಹಲ್ಲಕ್ಕ ಹತ್ತಿರ ಹೋಗಿ ನೋಡಿದಳು. ಒಂದು ಕಾಲನ್ನು ಹುಲ್ಲಿನ ಬಣ್ಣದಿಂದ ನುಣ್ಣಗೆ ಮುಚ್ಚಲಾಗಿತ್ತು. ಅಕ್ಕಪಕ್ಕದ ಚಿತ್ರಗಳನ್ನು ನೋಡಿದಳು. ಎಲ್ಲ ಮೋಡಗಳ ಅಂಚನ್ನೂ ಒಂದೇ ಕೈ ತಿದ್ದಿತ್ತು, ಎಲ್ಲ ಮುಖಗಳೂ ಒಂದೇ ಮೂಗು ಹೊತ್ತಿದ್ದವು. ಶಿಕ್ಷಕನನ್ನು ಪಕ್ಕಕ್ಕೆ ಕರೆದು ಕೇಳಿದಳು. ಅವನಿಗೆ ಮುಜುಗರವೇನೂ ಆಗಲಿಲ್ಲ.

"ಅಕ್ಕಾ, ಅಪ್ಪ ಅಮ್ಮ ಫೀಸ್ ಕಟ್ಟೋದು ನಾಲ್ಕು ಕಾಲಿಗೆ. ಐದು ಕಾಲು ತೋರಿಸಿದ್ರೆ ಮುಂದಿನ ತಿಂಗಳು ಡಾನ್ಸ್ ಕ್ಲಾಸಿಗೆ ಸೇರಿಸ್ತಾರೆ."

ಮಕ್ಕಳ ತಂದೆತಾಯಂದಿರು ಆ ಚಿತ್ರಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬೀಗುವುದನ್ನು ನೋಡುತ್ತಾ ಅವಳಿಗೆ ಬಾಯಲ್ಲಿ ಹುಳಿ ನೀರು ಬಂದಂತಾಯಿತು. ಯಾರೋ ಉಗುಳಿದ್ದನ್ನು ಯಾರೋ ಸವಿಯುತ್ತಿದ್ದ ಹಾಗೆ.

ಅದಾದ ಸ್ವಲ್ಪ ದಿನಕ್ಕೆ ಅಧ್ಯಕ್ಷರು ವಸಡು ಬಾತುಕೊಂಡು ಕ್ಲಿನಿಕ್ಕಿಗೆ ಬಂದರು. ಸೂಜಿ ಚುಚ್ಚಿಸಿಕೊಂಡು ಮರಗಟ್ಟಲೆಂದು ಕಾಯುತ್ತಾ ಕುರ್ಚಿಯಲ್ಲಿ ಒರಗಿದ್ದರು. ಅವರ ಬಾಯಿ ಎಲ್ಲರ ಬಾಯಿಯಂತೆಯೇ ಇತ್ತು. ಅದರ ಬಗ್ಗೆ ಹಲ್ಲಕ್ಕನಿಗೆ ಏನೂ ಅನ್ನಿಸಲಿಲ್ಲ. ಅದರಿಂದ ಹೊರಬಿದ್ದ ಮಾತೇ ಬೇರೆ.

"ಹೊಸ ಕಟ್ಟಡಕ್ಕೆ ದೇಣಿಗೆ ಎತ್ತೋಕೆ ಒಂದು ಹರಾಜು ಇಟ್ಕೊಂಡಿದ್ದೀವಿ, ಊಟದ ಜೊತೆಗೆ. ಮೇಷ್ಟ್ರನ್ನ ಸ್ಟೇಜ್ ಮೇಲೆ ಕೂರಿಸೋಣ ಅಂತ. ಎಲ್ಲರ ಎದುರಿಗೇ ಒಂದು ಚಿತ್ರ ಬರೀಲಿ. ಜನಕ್ಕೆ ಕರುಳು ಚುರ್ ಅಂದ್ರೆ ಕೈ ತಾನಾಗೇ ಜೇಬಿಗೆ ಹೋಗುತ್ತೆ."

"ಅವರ ಬಲಗೈ ಬಿದ್ದುಹೋಗಿದೆ ಸಾರ್."

"ಅದಕ್ಕೇ ಅಲ್ವಾ!" ಎಂದರು ಅಧ್ಯಕ್ಷರು. ತುಟಿ ಮರಗಟ್ಟತೊಡಗಿದ್ದರಿಂದ ಮಾತು ತೊದಲಿತು. "ನೀವು ಹೇಳಿದ್ರೆ ಬರ್ತಾರೆ. ನೀವು ಅವರ ಮನೇಗೆ ಹೋಗಿಬಂದು ಮಾಡ್ತೀರಲ್ಲ."

ಹೌದು, ವಾರಕ್ಕೆರಡು ಸಲ ಹೋಗುತ್ತಿದ್ದಳು. ಮೇಷ್ಟ್ರ ತಂಗಿಗೆ ಸೊಂಟ ನೋವು, ಎತ್ತಿ ಕೂರಿಸಲಾಗುತ್ತಿರಲಿಲ್ಲ. ಹಲ್ಲಕ್ಕ ಹೋಗಿ ಮೈ ಒರೆಸಿ, ಹಾಸು ಬದಲಾಯಿಸಿ, ಬಾಯಿ ತೊಳೆಸಿ ಬರುತ್ತಿದ್ದಳು. ಮೇಷ್ಟ್ರು ಖಂಡಿತ ಒಪ್ಪುವುದಿಲ್ಲ, ಅವರ ಬಾಯಿಂದಲೇ ಇಲ್ಲ ಅನ್ನಿಸಿ ಅಧ್ಯಕ್ಷರ ಮುಖಕ್ಕೆ ಹೇಳಿದರಾಯಿತು ಎಂದುಕೊಂಡು ಅಂದು ಸಂಜೆ ವಿಷಯ ತೆಗೆದಳು.

"ಬರ್ತೀನಿ" ಅಂದುಬಿಟ್ಟರು ಮೇಷ್ಟ್ರು. "ಆ ಬಿಳಿ ಶರ್ಟು ಇಸ್ತ್ರಿ ಮಾಡಿಸು."

ಅವಳು ಶರ್ಟು ಹುಡುಕಿ ತೆಗೆದಳು. ಸಂಘದ ಮೇಲಿನ ಅಭಿಮಾನ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹರಾಜಿನ ಸಂಜೆ ಸಂಘದ ಹಾಲಿನಲ್ಲಿ ಅತ್ತರಿನ ವಾಸನೆ, ಕರಿದ ಎಣ್ಣೆಯ ವಾಸನೆ ಕಲಸಿಕೊಂಡಿದ್ದವು. ಕೆಳಗಿನ ಅಂಗಡಿಯ ಆಳುಗಳು ಮೇಷ್ಟ್ರನ್ನು ಗಾಲಿಕುರ್ಚಿ ಸಮೇತ ಹೊತ್ತು ಮೆಟ್ಟಿಲು ಹತ್ತಿಸಿದರು. ಚಿನ್ನದ ಸದಸ್ಯರು ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿ "ಪಾಪ" ಎಂದರು, ಮತ್ತೆ ತಟ್ಟೆಗೆ ಬಗ್ಗಿದರು. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದಳು. ಹಲ್ಲಕ್ಕ ಗೋಡೆಗೆ ಬೆನ್ನು ಕೊಟ್ಟಿದ್ದಳು.

ಕ್ಯಾನ್ವಾಸು ಸಿದ್ಧವಿತ್ತು. ಮೇಷ್ಟ್ರ ಎಡಗೈ ಆಡುತ್ತಿತ್ತು. ಆದರೆ ಅಧ್ಯಕ್ಷರಿಗೆ ಬೇಕಾದದ್ದು ಬಲಗೈ. ಆ ಸತ್ತ ಕೈಗೆ ಕುಂಚವನ್ನಿಟ್ಟು ಜರಿಯ ರಿಬ್ಬನ್ನಿನಿಂದ ಸುತ್ತಿ ಕಟ್ಟಿದರು. ಅಧ್ಯಕ್ಷರೇ ಮಣಿಕಟ್ಟು ಹಿಡಿದು ನೀಲಿಯಲ್ಲಿ ಅದ್ದಿದರು, ಕ್ಯಾನ್ವಾಸಿನ ಮೇಲೆ ಅತ್ತಿಂದಿತ್ತ ಎಳೆದರು. ಗೋಡೆಗೆ ಸುಣ್ಣ ಬಳಿದ ಹಾಗೆ ಒಂದು ಅಡ್ಡ ಬರೆ ಬಿತ್ತು. ಚಪ್ಪಾಳೆ ಬಿತ್ತು.

"ಮೇಷ್ಟ್ರ ಕೊನೆಯ ಚಿತ್ರ!" ಎಂದು ಅಧ್ಯಕ್ಷರು ಮೈಕಿನಲ್ಲಿ ಕೂಗಿದರು.

ಬದುಕಿ ಕೂತಿದ್ದ ಮನುಷ್ಯನ ಮುಂದೆಯೇ. ಮೇಷ್ಟ್ರ ಸೊಟ್ಟ ಬಾಯಿಯ ಅಂಚಿನಿಂದ ಜೊಲ್ಲು ಇಳಿದು ಇಸ್ತ್ರಿ ಮಾಡಿದ ಕಾಲರು ಒದ್ದೆಯಾಯಿತು. "ಸಾರ್, ಅದನ್ನ ಒರೆಸಿ, ಫೋಟೋದಲ್ಲಿ ಬರುತ್ತೆ" ಎಂದ ಫೋಟೋದವನು. ಒರೆಸಲು ಯಾರೂ ಮುಂದೆ ಬರಲಿಲ್ಲ. ಹರಾಜು ಶುರುವಾಯಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಮೂಗಿಗೆ ಕರವಸ್ತ್ರ ಹಿಡಿದಳು. ಗಾಲಿಕುರ್ಚಿಯ ಕೆಳಗೆ ಕನ್ನಡಿಯಂಥ ನೆಲದ ಮೇಲೆ ಒದ್ದೆ ಹರಡುತ್ತಿತ್ತು. ಯಾರೋ ಸಂಘಟಕರು ಸುವಾಸನೆಯ ಡಬ್ಬಿ ತಂದು ಮೇಷ್ಟ್ರ ಕಾಲಿಗೇ ಪುಸ್ಸೆಂದು ಹೊಡೆದರು, ಜಿರಳೆಗೆ ಹೊಡೆದ ಹಾಗೆ. ಅಷ್ಟರಲ್ಲಿ ಅತ್ತಿಗೆ ಕೈ ಎತ್ತಿದಳು. ಪಕ್ಕದವಳಿಗೆ ಹೇಳಿದ್ದು ಹಲ್ಲಕ್ಕನಿಗೂ ಕೇಳಿಸಿತು: "ನಮ್ಮ ಸೋಫಾನೂ ನೀಲಿನೇ."

ಹಲ್ಲಕ್ಕ ಗೋಡೆ ಬಿಟ್ಟು ನಡೆದಳು. ವೇದಿಕೆ ಹತ್ತಿ, ಹಲ್ಲಿನಿಂದ ಕಚ್ಚಿ ರಿಬ್ಬನ್ನಿನ ಗಂಟು ಬಿಚ್ಚಿದಳು. ಸೆರಗಿನಿಂದ ಮೇಷ್ಟ್ರ ಬಾಯಿ ಒರೆಸಿದಳು.

"ಏನ್ರೀ ಇದು? ಇನ್ನೂ ಫೋಟೋ ಮುಗಿದಿಲ್ಲ" ಎಂದು ಅಧ್ಯಕ್ಷರು ಹಲ್ಲು ಕಡಿದರು.

"ದಾರಿ ಬಿಡಿ ಸಾರ್. ಉಚ್ಚೆ ಮಾಡ್ಕೊಂಡಿದ್ದಾರೆ, ಬಟ್ಟೆ ಬದಲಾಯಿಸ್ಬೇಕು."

ಅಧ್ಯಕ್ಷರ ಕೈಯಲ್ಲಿದ್ದ ಮೈಕು ಆ ಮಾತನ್ನು ಹಾಲಿನ ಮೂಲೆಮೂಲೆಗೂ ಮುಟ್ಟಿಸಿತು. ಚಮಚಗಳ ಸದ್ದು ನಿಂತಿತು. ಅವಳು ಕುರ್ಚಿ ತಳ್ಳಿಕೊಂಡು ಹೊರಟಳು. ಅವಳು ಬಚ್ಚಲಿನ ಬಾಗಿಲು ಮುಚ್ಚುವ ಮೊದಲೇ ಹರಾಜಿನ ಕೂಗು ಮತ್ತೆ ಶುರುವಾಯಿತು.

ಒದ್ದೆ ಬಟ್ಟೆ ಕಳಚಿ, ನೀರು ಹಾಕಿ ಒರೆಸುತ್ತಿದ್ದಾಗ ಮೇಷ್ಟ್ರು ತೊದಲುತ್ತಾ ಕೇಳಿದರು:

"ಎಷ್ಟಕ್ಕೆ ಹೋಯ್ತು?"

ಅವಳ ಕೈ ನಿಂತಿತು. "ಕೈ ಹಿಡಿದು ಬರೆಸ್ತಾರೆ ಅಂತ ನಿಮಗೆ ಗೊತ್ತಿತ್ತಾ ಮೇಷ್ಟ್ರೇ?"

"ನಾನು ಒಪ್ಪಿದ್ಮೇಲೆ ಅಧ್ಯಕ್ಷರೇ ಬಂದು ಹೇಳಿದ್ರು. ಗೊತ್ತಿತ್ತು."

"ಥೂ!" ಅವಳ ಬಾಯಿಂದ ಬಂದೇಬಿಟ್ಟಿತು. "ನಿಮಗೆ ನಾಚಿಕೆ ಆಗ್ಲಿಲ್ವಾ? ನಮ್ಮ ಕೈಲಿ ಒಂದು ಗೆರೆಗೆ ನೂರು ಸಲ ಅಳಿಸಿಸ್ತಿದ್ದವರು ನೀವು."

ಮೇಷ್ಟ್ರು ಸಿಟ್ಟಾಗಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು.

"ಬಿದ್ದಾಗಿಂದ ಯಾರೂ ನನ್ನ ನೋಡೋಕೆ ಬಂದಿಲ್ಲ. ಇವತ್ತು ಅಷ್ಟು ಜನ ನೋಡಿದ್ರು."

"ನಾನು ಬರ್ತಿದ್ನಲ್ಲ!"

"ನೀನು ನೋಡೋಕೆ ಎಲ್ಲಿ ಬರ್ತಿದ್ದೆ? ತೊಳೆಯೋಕೆ ಬರ್ತಿದ್ದೆ."

ಹಲ್ಲಕ್ಕ ತಾನು ತಂದಿದ್ದ ಚೀಲ ಬಿಚ್ಚಿದಳು. ಒಣ ಬಟ್ಟೆ ಉಡಿಸಿ ಮುಗಿಸಿದಳು. ಆಮೇಲೆ ಬೇಸಿನ್ನಿಗೆ ಬಗ್ಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ವಾಂತಿ ಮಾಡಿಕೊಂಡಳು. ಅಷ್ಟು ವರ್ಷ ಕೀವು ನೋಡಿಯೂ ಬಾರದ ಹೇಸಿಗೆ ಅಂದು ಬಂದಿತ್ತು. ಅಧ್ಯಕ್ಷರ ಮೇಲೋ, ಅತ್ತಿಗೆಯ ಸೋಫಾದ ಮೇಲೋ, ಮೇಷ್ಟ್ರ ಆಸೆಯ ಮೇಲೋ, ಇಲ್ಲ ರೋಗಿಗಳ ಬಾಯಿ ತೊಳೆದಂತೆ ಒಬ್ಬ ಮನುಷ್ಯನನ್ನು ಮುಖ ನೋಡದೆ ತೊಳೆದು ಬರುತ್ತಿದ್ದ ತನ್ನ ಮೇಲೋ, ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಮರುದಿನವೇ ಸದಸ್ಯತ್ವ ಬಿಟ್ಟಳು. ಅಧ್ಯಕ್ಷರು "ನಿಮ್ಮಿಷ್ಟ" ಎಂದರು. ಮೇಷ್ಟ್ರ ಮನೆಗೂ ಕೆಲವು ವಾರ ಹೋಗಲಿಲ್ಲ. ಮೈ ಒರೆಸಲು ಒಬ್ಬ ದಾದಿಯನ್ನು ಗೊತ್ತುಮಾಡಿ ಕಳಿಸಿದಳು. ಸಿಟ್ಟು ತಣ್ಣಗಾಯಿತೆಂದಲ್ಲ, ಒಂದು ದಿನ ಕಾಲು ತಾನಾಗಿ ಆ ಕಡೆ ತಿರುಗಿತು. ಒಳಗೆ ಹೋದವಳು ಬಕೆಟ್ಟಿನ ಕಡೆ ಕೈ ಚಾಚಲಿಲ್ಲ. ಸ್ಟೂಲು ಎಳೆದುಕೊಂಡು ಮಂಚದ ಎದುರಿಗೆ ಕೂತಳು, ಹಾಳೆ ಬಿಡಿಸಿದಳು. ಮೇಷ್ಟ್ರು ಅರ್ಥಮಾಡಿಕೊಂಡು ಗದ್ದ ಎತ್ತಿದರು. ಸಂಜೆ ಹಾಳೆಯನ್ನು ಕಣ್ಣ ಹತ್ತಿರ ತರಿಸಿಕೊಂಡು ನೋಡಿ, "ಸುಳ್ಳು. ನನ್ನ ಬಾಯಿ ಇಷ್ಟು ನೆಟ್ಟಗಿದೆಯಾ? ದಾಕ್ಷಿಣ್ಯ ಮಾಡಿದ್ದೀಯ" ಎಂದರು. ಅವಳು ಹರಿದು ಹಾಕಿದಳು, ಮತ್ತೆ ಶುರುಮಾಡಿದಳು. ಮೇಷ್ಟ್ರು ತೀರಿಹೋಗುವವರೆಗೆ ಹೀಗೆಯೇ ನಡೆಯಿತು. ಅವರ ಮೇಲಿನ ಅಸಹ್ಯ ಪೂರ್ತಿ ಹೋಯಿತೇ ಎಂದರೆ, ಇಲ್ಲ. ಎಂದಾದರೂ ಅವರು ಆ ಚಪ್ಪಾಳೆಯ ಮಾತು ತೆಗೆದರೆ ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ಮುಂದಿನ ವಾರ ಮತ್ತೆ ಬರುತ್ತಿದ್ದಳು.

ಸಂಘಕ್ಕೇನೂ ಬಡತನ ಬರಲಿಲ್ಲ. ಮೇಷ್ಟ್ರು ಸತ್ತ ಮೇಲೆ ಅವರ ಕೊನೆಯ ಚಿತ್ರ ಒಬ್ಬ ವಕೀಲರ ಆಫೀಸಿನಲ್ಲಿ ಕಾಣಿಸಿತು, ಇನ್ನೊಂದು ಕೊನೆಯ ಚಿತ್ರ ಬಟ್ಟೆ ಅಂಗಡಿಯಲ್ಲಿ. ಎಲ್ಲದರಲ್ಲೂ ಅದೇ ನೀಲಿ ಬರೆ. ಆಮೇಲೊಂದು ದಿನ ಅಧ್ಯಕ್ಷರು ಹಲ್ಲಕ್ಕನ ಮನೆಗೇ ಬಂದರು. ಮೇಷ್ಟ್ರ ಮುಖದ ಚಿತ್ರಗಳು ಅವಳ ಹತ್ತಿರ ಒಂದು ಕಟ್ಟು ಇವೆಯಂತೆ, ಸ್ಮರಣೆಯ ಪ್ರದರ್ಶನಕ್ಕೆ ಪ್ರಾಯೋಜಕರು ಸಿಕ್ಕಿದ್ದಾರೆ, ಚಿನ್ನದ ಸದಸ್ಯತ್ವ ಬಿಟ್ಟಿಯಾಗಿ ಕೊಡುತ್ತೇವೆ ಎಂದರು. ಅತ್ತಿಗೆಯ ಕಣ್ಣು ಅರಳಿತು.

"ಕೊಡಲ್ಲ ಸಾರ್" ಎಂದಳು ಹಲ್ಲಕ್ಕ. ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು.

"ಮನೆಬಾಗಿಲಿಗೆ ಬಂದ ಭಾಗ್ಯಾನ ಕಾಲಲ್ಲಿ ಒದ್ದೆಯಲ್ಲೇ!" ಅತ್ತಿಗೆ ಹಣೆ ಚಚ್ಚಿಕೊಂಡಳು. "ಯಾಕೆ ಅಂತಾದ್ರೂ ಹೇಳು."

"ಹೇಸಿಗೆ ಅತ್ತಿಗೆ."

ಅತ್ತಿಗೆ ಹಣೆಯಿಂದ ಕೈ ತೆಗೆದಳು.

"ಅದೂ ನಿಜ ಅನ್ನು. ಆ ಸೊಟ್ಟ ಬಾಯಿ ಯಾರು ತಾನೇ ಗೋಡೆಗೆ ಹಾಕ್ಕೋತಾರೆ?" ಎಂದು ಒಳಗೆ ಹೋದಳು.