ಉಚ್ಚಂಗೆವ್ವನ ಗಲ್ಲ

ರಾಣೆಬೆನ್ನೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಹುದ್ದೆಯ ಹೆಸರು ತಾಂತ್ರಿಕ ಸಹಾಯಕ. ಅಂದರೆ ಯಂತ್ರದ ವೈರನ್ನು ಗೋಡೆಗೆ ಚುಚ್ಚುವವನು, ಕೆಲಸ ಮುಗಿದ ಮೇಲೆ ಕೀಳುವವನು. ಬಿಎಸ್ಸಿಯಲ್ಲಿ ಡುಮ್ಕಿ ಹೊಡೆದವನಿಗೆ ಬಿಳಿ ಕೋಟು ಸಿಕ್ಕಿದ್ದೇ ಹೆಚ್ಚು. ಅದರ ತೋಳು ನನ್ನ ಬೆರಳುಗಳನ್ನೂ ನುಂಗುತ್ತಿತ್ತು. "ಕೋಟ್ ಡ್ಯೂಟಿಗೆ ಬಂದೈತಿ, ನೀ ಎಲ್ಲಿ ಅದೀಯೋ?" ಎಂದು ನರ್ಸ್ ನೀಲಾ ಹುಡುಕುವಂತೆ ನಟಿಸುತ್ತಿದ್ದಳು.

ಎರಡು ಸಾವಿರದ ಏಳರ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ಶುರುವಾಯಿತು. ಕ್ಯಾನ್ಸರ್ ಗಂಟಿನ ಮೇಲೆ ಅಂಟಿಸುವ ತೆಳ್ಳನೆಯ ಹಾಳೆ, ಹಸಿ ಹಪ್ಪಳದಂತೆ ಮೆತ್ತಗೆ. ಜೀವಿಗಳಿಂದಲೇ ತೆಗೆದ ಪಾಲಿಮರ್ ಅದು. ಇಂಥ ವಸ್ತುಗಳು ಸಾಮಾನ್ಯವಾಗಿ ಶಾಖವನ್ನು ತಡೆಯುತ್ತವೆ. ಇದು ಮಾತ್ರ ರೊಟ್ಟಿ ಹಂಚಿನಂತೆ ಒಳಗೆ ದಾಟಿಸುತ್ತಿತ್ತು. ಕಾಯಿಸಿದರೆ ಗಂಟು ಸಾಯಬೇಕು. ಆಮೇಲೆ ಅದೇ ಹಾಳೆಯನ್ನು ಚಪ್ಪರ ಮಾಡಿಕೊಂಡು ಸುತ್ತಲಿನ ಒಳ್ಳೆಯ ಮಾಂಸ ಬಳ್ಳಿಯಂತೆ ಹಬ್ಬಬೇಕು. ಎಲ್ಲಿಯವರೆಗೆ ಕಾಯಿಸುವುದು? ರೋಗಿ ಉರಿ ಎನ್ನುವವರೆಗೆ. ಶಾಖ ಗಂಟು ದಾಟಿ ಒಳ್ಳೆಯ ಮಾಂಸ ಮುಟ್ಟಿತೆಂಬುದಕ್ಕೆ ಅದೊಂದೇ ಗುರುತು. ಹಾಗಾಗಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಿರಲಿಲ್ಲ.

ಉಚ್ಚಂಗೆವ್ವ ಬಂದದ್ದು ಬ್ಯಾಡಗಿಯಿಂದ. ಅಲ್ಲಿನ ವಖಾರದಲ್ಲಿ, ಅಂದರೆ ವ್ಯಾಪಾರದ ಗೋದಾಮಿನಲ್ಲಿ, ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ, ಎಡದವಡೆಯಲ್ಲಿ ಸದಾ ತಂಬಾಕು. ಗಂಟು ಗಲ್ಲದ ಹೊರಗೂ ಅಡಿಕೆಯಂತೆ ಉಬ್ಬಿತ್ತು. ಜೊತೆಗೆ ಅವಳ ಗುಂಪಿನ ಹಿರಿಯಳು ಮುಮ್ತಾಜಬಿ. ವಖಾರದಲ್ಲಿ ಯಾರು ಕೂಡಬೇಕು, ಯಾರು ಏಳಬೇಕು ಎಂದು ಹೇಳುವವಳು ಅವಳೇ.

"ಬದುಕ್ತೀನೋ ಸಾಯ್ತೀನೋ ಆಮ್ಯಾಲ ನೋಡೂಣ್ರಿ," ಎಂದಳು ಉಚ್ಚಂಗೆವ್ವ. "ಸುಗ್ಗಿಗೆ ವಖಾರಕ್ಕ ಹೋಗ್ತೀನಿಲ್ಲೋ ಅದನ್ ಹೇಳ್ರಿ. ಅಲ್ಲಿ ಜಾಗಾ ಬಿಟ್ರ ನನಗ ಬ್ಯಾರೆ ಜಾಗಾನ ಇಲ್ಲ."

ಡಾಕ್ಟರ್ ಜ್ಯೋತ್ಸ್ನಾ ಅವಳ ಹೆದರಿಕೆ ಬಿಡಿಸಲು ಮೊದಲು ನನ್ನ ಮುಂಗೈಗೆ ಹಾಳೆ ಅಂಟಿಸಿ ಕಾಯಿಸುವ ಯಂತ್ರದ ಗುಂಡಿ ತಿರುಗಿಸಿದರು. ನಾನು ಧೈರ್ಯದ ನಗೆ ನಗುತ್ತಿದ್ದವನು ಮರುಗಳಿಗೆ, "ಉರಿ! ಉರಿ!" ಎಂದು ಸ್ಟೂಲು ಕೆಡವಿ ಎದ್ದೆ.

ಉಚ್ಚಂಗೆವ್ವ ಹೊಟ್ಟೆ ಹಿಡಿದು ನಕ್ಕಳು. "ಏನ್ ಗಂಡಸೋ ತಮ್ಮಾ! ನಿನ್ನ ಹಡಿಯೂಮುಂದ ನಿಮ್ಮವ್ವ ಇಷ್ಟ್ ಒದರಿರಾಕಿಲ್ಲ."

"ಇವನ್ನ ನಮ್ಮ ವಖಾರಕ್ಕ ಕಳಸ್ರಿ ಡಾಕ್ಟರವ್ವಾರ," ಎಂದಳು ಮುಮ್ತಾಜಬಿ. "ಕಸಾ ಹೊಡಿಯಾಕ."

ಆಮೇಲೆ ಉಚ್ಚಂಗೆವ್ವನ ಸರದಿ.

"ಉರಿತೈತೇನು?"

"ಇಲ್ಲರಿ."

ಡಾಕ್ಟರು ಹೆಚ್ಚಿಸಿದರು. "ಈಗ?"

"ಬೆಚ್ಚಗೈತ್ರಿ. ಚಲೋ ಐತಿ."

ಇನ್ನೂ ಹೆಚ್ಚಿಸಿದರು. ಅವಳ ಕಾಲ್ಬೆರಳುಗಳು ಚಾದರವನ್ನು ಹಿಡಿದು ಮಡಚಿಕೊಂಡವು.

"ಕಣ್ಣಾಗ ನೀರ್ಯಾಕ?"

"ಮೆಣಸಿನಕಾಯಿ ಧೂಳ್ರಿ. ಯಾವಾಗ್ಲೂ ಬರ್ತಾವು."

ಪಕ್ಕದಲ್ಲಿ ಮುಮ್ತಾಜಬಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಉಚ್ಚಂಗೆವ್ವ ನೋಡುತ್ತಿದ್ದದ್ದು ಅವಳನ್ನೇ.

ಗಂಟು ಸತ್ತಿತು. ಡಾಕ್ಟರು ಇಡೀ ಆಸ್ಪತ್ರೆಗೆ ಪೇಢೆ ಹಂಚಿದರು, ನಾನೂ ತಿಂದೆ. ದೀಪಾವಳಿಯ ಹೊತ್ತಿಗೆ ಗಲ್ಲದ ಮೇಲಿನ ಕಪ್ಪು ಹಕ್ಕಳೆ ಕಳಚಿ ಬಿತ್ತು. ಗಂಟಿನ ಸುತ್ತಲಿನ ಮಾಂಸವೂ ಬೆಂದು ಸತ್ತಿತ್ತು. ಚಪ್ಪರವಿತ್ತು, ಹಬ್ಬಲು ಬಳ್ಳಿ ಇರಲಿಲ್ಲ. ತೂತಿನೊಳಗೆ ದವಡೆಹಲ್ಲು ಕಾಣುತ್ತಿತ್ತು.

"ಉರಿತೈತಿ ಅಂತ ಒಂದ್ ಮಾತು ಯಾಕ ಹೇಳ್ಲಿಲ್ಲ?" ಡಾಕ್ಟರು ಚೀರಿದರು.

ಉತ್ತರ ಕೊಟ್ಟದ್ದು ಮುಮ್ತಾಜಬಿ, ಹೆಮ್ಮೆಯಿಂದಲೇ. "ನಮ್ಮ ವಖಾರದಾಗ ಆ ಮಾತು ಆಡಂಗಿಲ್ಲರಿ. ಒಬ್ಬಾಕಿ ಉರಿ ಅಂದ್ರ ಎಲ್ಲಾರ ಕೈನೂ ಉರಿಯಾಕ ಹತ್ತತಾವು. ಅಂದಾಕಿನ್ನ ಎಬ್ಬಿಸಿ ಕಳಸ್ತೀವಿ. ಇಷ್ಟ್ ವರ್ಷದಾಗ ಇಕಿ ಒಮ್ಮಿನೂ ಅಂದಿಲ್ಲ."

ತೊಡೆಯ ಮಾಂಸ ತೆಗೆದು ಗಲ್ಲಕ್ಕೆ ಹೊಲಿಯುತ್ತೇನೆ, ಬೇಸಿಗೆ ಕಳೆಯುವವರೆಗೂ ಇಲ್ಲೇ ಇರು ಎಂದರು ಡಾಕ್ಟರು. "ಸುಗ್ಗಿ ಬಂತ್ರಿ," ಎಂದು ಉಚ್ಚಂಗೆವ್ವ ಗಂಟುಮೂಟೆ ಕಟ್ಟಿದಳು.

ಸಂಕ್ರಾಂತಿ ಮುಗಿದ ಮೇಲೆ ಅವಳನ್ನು ಒಪ್ಪಿಸಿ ಕರೆತರಲು ನನ್ನನ್ನು ಬ್ಯಾಡಗಿಗೆ ಕಳಿಸಿದರು. ವಖಾರದ ಬಾಗಿಲಲ್ಲೇ ಘಾಟು ಹತ್ತಿ ಸೀನತೊಡಗಿದೆ. ಕೆಂಪು ರಾಶಿಯ ಮುಂದೆ ಹೆಂಗಸರ ಸಾಲು, ನಡುವೆ ಅವಳು. ಗಲ್ಲಕ್ಕೆ ಸೆರಗು ಬಿಗಿದುಕೊಂಡಿದ್ದಳು. ಸೆರಗು ತೊಯ್ದು ಅಂಚಿನಿಂದ ಜೊಲ್ಲು ಹನಿಯುತ್ತಿತ್ತು, ಬಿಡಿಸಿಟ್ಟ ಕಾಯಿಗಳ ಮೇಲೆ.

ಗುಮಾಸ್ತ ಅಣ್ಣಾಜಿ ಒಂದು ಕಾಯಿಯನ್ನು ತೊಟ್ಟಿಲ್ಲದ ತುದಿಯಿಂದ ಹಿಡಿದು ಎತ್ತಿದ. "ಮುಮ್ತಾಜಬಿ, ಒಣಾ ಮಾಲಿನ ಮ್ಯಾಲ ಉಗುಳು ಬಿದ್ರ ಬೂಷ್ಟು ಹಿಡಿತೈತಿ. ಇದನ್ ಯಾವ್ ಖರೀದಿದಾರ ತಗೊಂತಾನ? ನೀನಽ ತಿಂತೀಯೇನು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮುಮ್ತಾಜಬಿ ತಲೆ ಎತ್ತಲಿಲ್ಲ. "ಏಳಽ ಉಚ್ಚಂಗಿ."

"ಸೆರಗು ಇನ್ನೊಂದ್ ಸುತ್ತು ಬಿಗೀತೀನಕ್ಕಾ..."

ಮಾತು ಗಲ್ಲದಿಂದ ಗಾಳಿಯಾಗಿ ಸೋರಿತು. ಮುಮ್ತಾಜಬಿ ಅವಳ ಕೆಳಗಿನ ಗೋಣಿತಟ್ಟಿನ ಅಂಚು ಹಿಡಿದು ಎಳೆದಳು. ಉಚ್ಚಂಗೆವ್ವ ಮಂಡಿಗೆ ಕೈಯೂರಿ ಎದ್ದಳು. ಡಾಕ್ಟರ ಮಾತು ಹೇಳಲು ಬಾಯಿ ತೆರೆದೆ, ಮತ್ತೆ ಸೀನು ಬಂತು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಎರಡೂ ಪಕ್ಕದ ಹೆಂಗಸರು ಮೊಣಕಾಲು ಚಾಚಿ ಕುಂತಿದ್ದರು. ಸಾಲಿನಲ್ಲಿ ಎಲ್ಲೂ ಸಂದು ಉಳಿದಿರಲಿಲ್ಲ.