ನೂರಹದಿಮೂರನೆಯ ಟಿಪ್ಪಣಿ

ಟಿ. ನರಸೀಪುರದ ‘ಟಿ’ ಎಂದರೆ ತಿರುಮಕೂಡಲು. ಆ ಊರಿನ ಬೆಟ್ಟಸ್ವಾಮಿ ಮೇಷ್ಟ್ರ ಮಟ್ಟಿಗೆ ಮಾತ್ರ ಅದು ಟಿಪ್ಪಣಿ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ಒಂದೇ ಕೆಲಸಕ್ಕೆ ಕೂತರು: ಐರ್ಲೆಂಡಿನ ಒಂದು ನಗರದ ಹಳೆಯ ಸಣ್ಣಕಥೆಗಳನ್ನು ಕನ್ನಡಕ್ಕೆ ತಂದು ಅಡಿಟಿಪ್ಪಣಿ ಹಾಕುವುದು. ಆ ನಗರವನ್ನು ಅವರು ಕಂಡಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡ್ ದಾಟಿದರೇ ದಾರಿ ತಪ್ಪುವವರು. ನನಗಾದರೂ ಐರ್ಲೆಂಡ್ ಗೊತ್ತಿರುವುದು ಕಾನ್ವೆಂಟಿನ ಐರಿಶ್ ಸಿಸ್ಟರೊಬ್ಬರ ಬೆತ್ತದ ಮೂಲಕ. ನಂಜನಗೂಡಿನಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಪುಸ್ತಕದ ಟೈಪಿಂಗ್ ನನ್ನ ಪಾಲಿಗೆ ಬಂತು.

ಟಿಪ್ಪಣಿ ಹುಟ್ಟುತ್ತಿದ್ದ ರೀತಿ ಹೀಗೆ. ಬೆಳಿಗ್ಗೆ ಹೆಂಡತಿ ರುದ್ರಮ್ಮ ಅವರೆಕಾಯಿ ಸುಲಿಯುತ್ತ ಕೂತರೆ ಮೇಷ್ಟ್ರು ಎದುರಿಗೆ ಕೂತು ಓದುವರು. ಆಕೆ ತಡೆದು ಕೇಳಿದ ಕಡೆಗೆಲ್ಲ ಒಂದು ಟಿಪ್ಪಣಿ. ಕೇಳದ ಕಡೆ ಇಲ್ಲ.

“ಏನ್ರೀ, ಹೆಣ ನಡುಮನೇಲಿ ಇಟ್ಕೊಂಡು ಕುಡೀತಾ ಕೂತವ್ರಾ?” ಇದು ಮೂವತ್ತೇಳನೆಯದು; ‘ಅಲ್ಲಿನ ಪದ್ಧತಿ, ನಮ್ಮಲ್ಲಿಲ್ಲ’ ಎಂದು ಮೇಷ್ಟ್ರು ಬರೆದಿದ್ದರು. “ಅಷ್ಟೊಂದು ಮಳೆ ಉಯ್ತದಲ್ಲ, ಬಟ್ಟೆ ಎಲ್ ಒಣಗಾಕ್ತಾರೆ?” ಇದು ಅರವತ್ತೆರಡು. ಉತ್ತರಕ್ಕೆ ಮೇಷ್ಟ್ರು ಒಂದು ವಾರ ಹುಡುಕಿದರು.

ನೂರಹನ್ನೆರಡಕ್ಕೆ ಬಂದಾಗ ರುದ್ರಮ್ಮ ತೀರಿಹೋದರು. ಆಕೆಯನ್ನು ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಸುತ್ತ ಭಜನೆಯವರು ಲೋಟಗಟ್ಟಲೆ ಟೀ ಕುಡಿಯುತ್ತ ಹಾಡುತ್ತಿದ್ದರು. ಮೇಷ್ಟ್ರು ನನ್ನ ಕಡೆ ಬಗ್ಗಿ, “ಮೂವತ್ತೇಳು ತಿದ್ದಬೇಕು ಕಣಯ್ಯ” ಎಂದರು.

ಉಳಿದದ್ದು ಕೊನೆಯ ಕಥೆ. ಎರಡು ವರ್ಷವಾದರೂ ಅದರಡಿ ಒಂದು ಟಿಪ್ಪಣಿಯೂ ಬೀಳಲಿಲ್ಲ.

“ನೀವೇ ಬರೀರಿ ಸಾರ್, ನಿಮಗೆ ಗೊತ್ತಿಲ್ಲದ್ದೇನಿದೆ?” ಎಂದೆ.

“ಅದೇ ತೊಂದ್ರೆ. ಗೊತ್ತಿರೋನು ಕೇಳೋದು ಹೆಂಗೆ?”

ನಾನೇ ಎರಡು ಪ್ರಶ್ನೆ ತಯಾರು ಮಾಡಿಕೊಂಡು ಹೋದೆ. ಮೊದಲನೆಯದಕ್ಕೇ ಸಿಕ್ಕಿಬಿದ್ದೆ. “ನಿನಗೆ ಬೇಕು ಅಂತ ಕೇಳ್ತಿಲ್ಲ, ನನಗೆ ಬೇಕು ಅಂತ ಕೇಳ್ತಿದ್ದೀಯ.”

ಕಳೆದ ಆಷಾಢದಲ್ಲಿ, ಟಿಪ್ಪಣಿ ಇಲ್ಲದೆಯೇ ಮುಗಿಸಿಬಿಡೋಣವೆಂದು ಮೇಷ್ಟ್ರು ಪ್ರೂಫ್ ನೋಡಲು ಅಂಗಡಿಗೆ ಬಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದಿದ್ದ ಹೆಮ್ಮರಗಾಲದ ಮರಿತಾಯಮ್ಮ ಬೆಂಚಿನ ಮೇಲೆ ಕಾಯುತ್ತ ಕೂತರು. ಬಾಗಿಲ ಬೆಳಕಿನಲ್ಲಿ ಮೇಷ್ಟ್ರು ಗಟ್ಟಿಯಾಗಿ ಓದತೊಡಗಿದರು. ನಾನು ಹಸ್ತಪ್ರತಿಯ ಮೇಲೆ ಕಣ್ಣಿಟ್ಟೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ಹೊಲಿಗೆಯವಳು ಕೆಲಸದಿಂದ ಬರುತ್ತಾಳೆ, ಒಲೆ ಹಚ್ಚುತ್ತಾಳೆ, ಎರಡು ಬಟ್ಟಲಿಗೆ ಟೀ ಬಗ್ಗಿಸುತ್ತಾಳೆ.

“ತಡೀರಿ ಸಾ,” ಎಂದರು ಮರಿತಾಯಮ್ಮ. “ಆವಮ್ಮ ಒಬ್ಳೇಯ ಅಂದ್ರಲ್ಲ. ಎಲ್ಡು ಯಾಕೆ?”

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಕಚ್ಚಿಕೊಂಡು, ಪುಟದ ಕೆಳಗೆ ೧೧೩ ಎಂದು ಹಾಕಿದರು. ಅದರ ಮುಂದೆ ಒಂದೇ ಪದ ಬರೆದರು: ಅಭ್ಯಾಸ.

“ಅಭ್ಯಾಸ ಕಣಮ್ಮ. ಕೈ ಎರಡಕ್ಕೇ ಬಗ್ಗಿಸ್ತದೆ.”

“ಮಿಕ್ಕುದ್ದು?”

“ಚೆಲ್ತೀನಿ.”

“ಅಯ್ಯೋ, ಟೀಗಾಕೋ ಆಲು ಏನ್ ರೇಟಾಗದೆ ಸಾ!”

ಮೇಷ್ಟ್ರು ನಕ್ಕರು; ಎರಡು ವರ್ಷದಲ್ಲಿ ನಾನು ಕಂಡದ್ದು ಅದೊಂದೇ. “ಕೇಳಮ್ಮ, ಇನ್ನೂ ಒಂಬತ್ತು ಪುಟ ಇದೆ” ಎಂದು ಹಾಳೆ ತಿರುವಿದರು.

ಕರೆಂಟ್ ಬಂತು. ಮರಿತಾಯಮ್ಮನಿಗೆ ಹನ್ನೊಂದೂವರೆಯ ಬಸ್ಸಿತ್ತು. ಜೆರಾಕ್ಸ್ ಮಡಿಸಿ ಚೀಲಕ್ಕೆ ಹಾಕಿಕೊಂಡು, “ಬತ್ತೀನಿ ಸಾ” ಎಂದು ಇಳಿದು ಹೋದರು.

ಮೇಷ್ಟ್ರು ಖಾಲಿ ಬೆಂಚಿನ ಕಡೆ ತಿರುಗಿ ಕೂತು ಮುಂದಕ್ಕೆ ಓದಿದರು, ಪ್ರತಿ ವಾಕ್ಯ ಮುಗಿದ ಮೇಲೂ ಸ್ವಲ್ಪ ತಡೆದು.