ತೆರೆಯದ ಕಿಟಕಿ

ಪರಿಸರಸ್ನೇಹಿ 'ಹಸಿರು ಕಟ್ಟಡ'ಗಳಿಗೆ ಅಂಕ ಹಾಕಿ ಸರ್ಟಿಫಿಕೇಟ್ ಕೊಡಲು ಬರುತ್ತಿದ್ದ ಆ ಮೇಡಂ ಯಾವ ಕೋಣೆಗೆ ಹೋದರೂ ಮೊದಲು ಕಿಟಕಿಗೆ ಕೈ ಹಾಕುತ್ತಿದ್ದರು. "ತೆಗೀರಿ, ನೋಡಾಣ." ಎ.ಸಿ.ಯ ಕರೆಂಟ್ ಉಳಿಯುತ್ತದೆಂದು ಭದ್ರವಾಗಿ ಮುಚ್ಚಿದ ಗಾಜಿಗೆ ಅಂಕ ಕೊಡುವ ನಿಯಮ ಬದಲಾಗಬೇಕೆಂಬುದು ಅವರ ಹಟ.

ಜಗಳೂರಿನಲ್ಲಿ ಮೊದಲ ಮಹಡಿಯ ನಮ್ಮ ಕಚೇರಿಯಲ್ಲೂ ಕಿಟಕಿ ತೆರೆಯಲಿಲ್ಲ. "ಗಾಳಿ ಒಳಗೆ ಬಂದ್ರೆ ಅಂಕ ಹೊರಗೆ ಹೋಗ್ತಾವ್ರೀ ಮೇಡಂ," ಎಂದು ಮ್ಯಾನೇಜರು ನಕ್ಕರು.

ಅಷ್ಟರಲ್ಲಿ ಮೆಟ್ಟಿಲ ಕೆಳಗಿನ ಸೋಲಾರ್ ಬ್ಯಾಟರಿಗಳಿಗೆ ಬೆಂಕಿ ಹತ್ತಿ ಹೊಗೆ ಮೇಲೇರಿತು. ಮೇಡಂ ಕುರ್ಚಿ ಎತ್ತಿ ಗಾಜು ಒಡೆದು ಕೆಳಗಿನ ಸಜ್ಜದ ಮೇಲಿಂದ ನಮ್ಮನ್ನೆಲ್ಲ ಹೊರಗಿಳಿಸಿದರು.

ಅಂಗಳದಲ್ಲಿ ಮ್ಯಾನೇಜರು ಕೆಮ್ಮುತ್ತ, "ಸರ್ಟಿಫಿಕೇಟ್ ರದ್ದಾಗ್ತತೇನ್ರೀ?" ಎಂದರು.

"ಮೊದ್ಲು ಜನ ಎಣಿಸ್ರೀ," ಎಂದರು ಮೇಡಂ.

ಎಣಿಸಿದೆವು. ಕಸ ಗುಡಿಸುವ ಅಕ್ಕ ಇರಲಿಲ್ಲ. ಮೇಡಂ ಮತ್ತೆ ಒಳಗೆ ಓಡಲು ಹೊರಟರು. ನಾನು ಅವರ ತೋಳು ಹಿಡಿದೆ. "ಬಿಡ್ರೀ, ಕೂಗ್ತಾ ಅದಾಳೆ," ಎಂದು ಕೊಸರಿದರು.

ಆ ಕೂಗು ನಿಲ್ಲುವವರೆಗೂ ನಾನು ಬಿಡಲಿಲ್ಲ.